ಮಾವ ಹೇಳಲು ಮರೆತ ಮಾತು

ಇದು ನಮ್ಮ ಸೋದರಮಾವನಿಗೇ ಆದದ್ದು. ನಗಬೇಡಿ... ಸುಳ್ಳು ಹೆಣೆಯುವಷ್ಟು ಶಕ್ತಿಯೂ ಈಗ ಅವರಲ್ಲಿ ಉಳಿದಿಲ್ಲ.

ಅವರು ಕೆಲಸ ಮಾಡುವ ಕಟ್ಟಡ ಮೊದಲು ಸ್ಟುಡಿಯೋ. ಸಿನಿಮಾ ಆಯಿತು, ಆಮೇಲೆ ಧಾರಾವಾಹಿ, ಆಮೇಲೆ ಬೀಗ. ಈಗ ಕಲಾಕೇಂದ್ರ. ಅಂದು ಅಲ್ಲೇ ಸೌಂಡ್ ರೆಕಾರ್ಡಿಸ್ಟ್ ಆಗಿದ್ದ ಮಾವ ಇಂದು ಅಲ್ಲೇ ರಾತ್ರಿ ಕಾವಲುಗಾರ. ಅದೂ ಕೈತಪ್ಪುವ ಹಾಗಿತ್ತು. ಕೇಂದ್ರ ಶುರುವಾದಂದಿನಿಂದ ದೊಡ್ಡ ಹಾಲ್‌ನಲ್ಲಿ ಯಾರು ಹಾಡಿದರೂ ದನಿಯೇ ಏಳುತ್ತಿರಲಿಲ್ಲ. ಸಂಗೀತದ ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋದರು.

"ತಿಂಗಳ ಕೊನೆಗೆ ಮುಚ್ಚಿಬಿಡ್ತೀವಿ. ನೀವೂ ಬೇರೆ ಕಡೆ ನೋಡ್ಕೊಳ್ಳಿ," ಅಂದಿದ್ದರು ಮ್ಯಾನೇಜರ್. ಅರವತ್ತೆಂಟರ ಮುದುಕನಿಗೆ ಬೇರೆ ಕಡೆ ಎಲ್ಲಿದೆ?

ಆ ರಾತ್ರಿ ಮಾವ ಸುತ್ತು ಮುಗಿಸಿ ಕಟ್ಟಡದ ಹಿಂದಿನ ಆಲದ ಮರ ದಾಟುತ್ತಿದ್ದರು. ಕಾಲು ಸೋತಿತ್ತು. ಒಣ ಎಲೆ ಚರಚರ... ಅಷ್ಟರಲ್ಲಿ ಹಾಲ್‌ನ ಬಾಗಿಲು ಕಿರ್‍ರ್... ಅಂತು. ಬೀಗ ಹಾಕಿದ ನೆನಪು. ಗೊಣಗುತ್ತಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು.

ಸದ್ದೇ ಇಲ್ಲ. ಬೀಗದ ಕೈಗೊಂಚಲು ಜಾರಿ ಬಿತ್ತು... ಅದಕ್ಕೂ ಸದ್ದಿಲ್ಲ.

ಕಿವಿಯ ಹತ್ತಿರ ಪಿಸುದನಿ. "ಇನ್ನೂ ಎಷ್ಟು ಹೊತ್ತು ಸಾರ್?"

"ಯಾ... ಯಾರದು?"

"ಶ್... ರೆಕಾರ್ಡ್ ಆಗ್ತಿದೆ."

ಆಚೆಯಿಂದ ಒಂದು ಹೆಂಗಸಿನ ದನಿ. "ಕಾಲು ಸೆಳೀತಿದೆ..."

ಮಾವನಿಗೆ ಹೊಳೆಯಿತು. ಶೂಟಿಂಗ್ ಮುಗಿದ ಮೇಲೆ ಆ ಜಾಗದ ನಿಶ್ಶಬ್ದವನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳುವುದು ಅವರ ಕಸುಬಿನ ರೂಢಿ. ಮಾತುಗಳ ನಡುವೆ ತುಂಬಲು ಬೇಕಾಗುತ್ತದೆ. ಸೌಂಡಿನವನು "ಆಯ್ತು" ಅನ್ನುವ ತನಕ ಯಾರೂ ಮಿಸುಕುವಂತಿಲ್ಲ. ಸ್ಟುಡಿಯೋದ ಕೊನೆಯ ದಿನ ಎಲ್ಲರನ್ನೂ ಹಾಗೆ ನಿಲ್ಲಿಸಿದ್ದು ಇವರೇ. ಅಷ್ಟರಲ್ಲಿ ಬಾಗಿಲಿಂದ ಯಾರೋ ಸನ್ನೆ ಮಾಡಿದರು, ಎಲ್ಲಾ ಮಾರಿಹೋಯಿತೆಂದು. ಇವರು ಹೆಡ್‌ಫೋನ್ ಬಿಸಾಕಿ ಎದ್ದುಹೋದರು. ಆ ಮಾತು ಹೇಳಲೇ ಇಲ್ಲ. ಅವತ್ತು ನಿಂತವರಲ್ಲಿ ಎಷ್ಟೋ ಮಂದಿ ಈಗಿಲ್ಲ.

ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು ಮಾವನಿಗೆ.

"ಆಯ್ತು..." ಅಂದರು. "ಆಯ್ತು ಕಣ್ರಪ್ಪಾ. ನನ್ನದೇ ತಪ್ಪು. ಎಲ್ಲಾ ಮನೆಗೆ ಹೋಗಿ."

ಹಾಲ್ ತುಂಬಾ ಒಂದು ನಿಟ್ಟುಸಿರು. ಕುರ್ಚಿ ಎಳೆದ ಸದ್ದು. ಯಾರದೋ ತಡೆದಿಟ್ಟ ಕೆಮ್ಮು... ಹೆಜ್ಜೆಗಳು... ಬಾಗಿಲ ಕಡೆಗೆ.

ಮಾರನೆಯ ದಿನ ಅಲ್ಲಿ ಹುಡುಗಿಯೊಬ್ಬಳು ಹಾಡಿದ್ದು ಗೇಟಿನವರೆಗೂ ಕೇಳಿಸಿತು. ಮಾವನ ಕೆಲಸ ಉಳಿಯಿತು. ಕಾಕತಾಳೀಯ ಅನ್ನುತ್ತೀರಾ? ಅನ್ನಿ.

ಆದರೆ ಆ ರಾತ್ರಿ ಅವರು ಹೊರಗೆ ಬಂದು ನೋಡಿದರೆ, ಬಾಗಿಲ ಬಳಿ ತಾವು ಬಿಟ್ಟಿದ್ದ ಚಪ್ಪಲಿ ಇರಲಿಲ್ಲ. ಆ ಜಾಗದಲ್ಲಿ ಹೆಂಗಸರ ಚಪ್ಪಲಿ ಒಂದು ಜೊತೆ. ಒಂದರ ಕಿತ್ತ ಬಾರಿಗೆ ಪಿನ್ನು ಹಾಕಿತ್ತು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತಂತೆ. ನಮ್ಮತ್ತೆ ಅದನ್ನು ಎಸೆದಿಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ.