ಈ ವಾಕರ್ ಯಾರದು?

ನನ್ನ ಜೊತೆ ಬಸ್ಸಿಳಿದ ಮುದಿ ದಂಪತಿ ಬ್ಯಾಲರಾಟ್‌ನ ಚೆಂಡುರುಳಿಸುವ ಬೌಲ್ಸ್ ಆಟದ ಕ್ಲಬ್ ಎದುರಿನ ನಿಲ್ದಾಣದಲ್ಲೇ ಕಿತ್ತಾಡತೊಡಗಿದರು. ಗಂಡ ನೆವಿಲ್ ನಡೆಯಲು ಆಸರೆಯಾದ ಚಕ್ರದ ವಾಕರ್ ಮೇಲೆ ಪೂರ್ತಿ ಬಗ್ಗಿದ್ದ.

"ಇದರ ಹಿಡಿಕೆ ನಿಮ್ಮ ಮಣಿಕಟ್ಟಿನ ಮಟ್ಟಕ್ಕಿರ್ಬೇಕು ಕಣ್ರೀ. ಮತ್ಯಾಕೆ ಇಳಿಸಿದ್ರಿ?"

"ಸುಮ್ನಿರೇ ಎನಿಡ್. ನಿನ್ನ ಅಳತೆಗೇ ಇರ್ಲಿ."

"ನಂಗ್ಯಾಕ್ರೀ? ನನ್ನ ಕಾಲು ಗಟ್ಟಿಯಾಗೇ ಇದೆ."

"ಕ್ಲಬ್ಬಲ್ಲಿ ಇದು ನಿಂದು ಅಂತ ಹೇಳಿದ್ದೀನಿ."

"ಓಹೋ! ಅದಕ್ಕೇನಾ ಎಲ್ರೂ ನನ್ನ ಮಂಡಿನೋವು ವಿಚಾರಿಸ್ತಿರೋದು? ಹೀಗೆ ಬಗ್ಗಿ ತಳ್ಳಿದ್ರೆ ಅದು ಮುಂದೋಡತ್ತೆ, ಮೊನ್ನೆ ಥರ ಮಕಾಡೆ ಬೀಳ್ತೀರ."

"ಬಾಯ್ಮುಚ್ಚು, ರೆಜ್ ಬಂದ."

ಕ್ಲಬ್ಬಿನ ಗೆಳೆಯ ರೆಜ್ ನಕ್ಕ. "ಏನಮ್ಮ ಎನಿಡ್, ಗಾಡಿ ನಿಂದಾ?"

"ಹೂಂ, ನಂದೇ." ಎನಿಡ್ ವಾಕರ್ ಕಿತ್ತುಕೊಂಡು ಕ್ಲಬ್ಬಿನತ್ತ ದರದರ ತಳ್ಳಿಕೊಂಡು ಹೋದಳು.

"ನೀನು ಬರಲ್ವೇನಯ್ಯ?" ಎಂದ ರೆಜ್.

"ಬಸ್ಸಿಗೆ ಕಾಯ್ತಿದ್ದೀನಿ," ಎಂದ ನೆವಿಲ್, ನಿಲ್ದಾಣದ ಕಂಬ ತಬ್ಬಿಕೊಂಡು.