ಯಾರೂ ಕೂಗದ ಪದ್ಯ

ದರ್ಜಿಯ ದವಡೆ ಕುಂಬಳಕಾಯಿ ಹಾಗೆ ಊದಿತ್ತು. ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಅವನು ಬಾಯಿ ಬಿಡೋ ಹಾಗಿರಲಿಲ್ಲ, ಹಾಗಾಗಿ ಬಾಯಿಯ ಕೆಲಸವನ್ನೂ ಕಿವಿಗಳೇ ವಹಿಸಿಕೊಂಡವು. ಪಕ್ಕದಲ್ಲಿ ಕವಿಗಳು ಕೂತಿದ್ದರು, ಮುಳುಗಿದ ಹಡಗಿನ ಮೇಲೆ ಪದ್ಯ ಬರೆದು ಇಡೀ ದೇಶದ ಕಣ್ಣಲ್ಲಿ ನೀರು ತರಿಸಿದವರು. ಅವರ ಆಚೆ ಒಬ್ಬ ಹೆಂಗಸು.

"ಸಾರ್, ನಿಮ್ಮ ಪದ್ಯದಲ್ಲಿ ಯಾರೂ ಕೂಗೋದೇ ಇಲ್ವಲ್ಲ?"

"ಹೌದಮ್ಮ. 'ಯಾರೂ ಕೂಗಲಿಲ್ಲ, ಕಡಲೇ ಜೋಗುಳ ಹಾಡಿತು.' ಆ ಸಾಲು ಎಲ್ಲರಿಗೂ ಇಷ್ಟ."

"ಆ ಹಡಗಲ್ಲಿದ್ದ ನಮ್ಮಣ್ಣ ಎರಡು ಗಂಟೆ ಕೂಗಿದ. ಫೋನಲ್ಲಿ ನಾನೇ ಕೇಳಿಸಿಕೊಂಡೆ."

ಕವಿಗಳು ಕನ್ನಡಕ ತೆಗೆದು ಒರೆಸಿದರು.

"ನಾನು ಮನೇಲಿ ರೇಡಿಯೋ ಮುಂದೆ ಕೂತು ಬರೆದೆನಮ್ಮ. ರೇಡಿಯೋದಲ್ಲಿ ಕೂಗು ಬರಲಿಲ್ಲ."

"ಈಗ ತಿದ್ದಬಹುದಲ್ಲ?"

"ಹೇಗೆ ತಿದ್ದಲಿ? ಶಾಲೆ ಮಕ್ಕಳೆಲ್ಲ ಬಾಯಿಪಾಠ ಮಾಡಿಬಿಟ್ಟಿದಾರೆ."

"ನನ್ನ ಮಗಳೂ ಮಾಡಿದಾಳೆ. 'ಮಾವ ಯಾಕಮ್ಮ ಯಾರನ್ನೂ ಕರೀಲಿಲ್ಲ?' ಅಂತ ಕೇಳ್ತಾಳೆ."

ದರ್ಜಿಗೆ ಹಲ್ಲುನೋವು ಒಂದು ಗಳಿಗೆ ಮರೆತೇ ಹೋಯಿತು.

ನರ್ಸಮ್ಮ ಬಾಗಿಲು ತೆಗೆದು, "ಸಾರ್, ಬನ್ನಿ. ನೋವಾದ್ರೆ ಕೂಗಿ, ನಾವೆಲ್ಲ ಇಲ್ಲೇ ಇರ್ತೀವಿ" ಅಂದಳು.

ಕವಿಗಳು ಹೊಸ್ತಿಲ ತನಕ ಹೋಗಿ ತಿರುಗಿ ನಿಂತರು.

"ಏನಂತ ಕೂಗಿದ್ರಮ್ಮ, ನಿಮ್ಮಣ್ಣ?"

"ಬಾಗಿಲು ತೆಗೀರಿ ಅಂತ."

ಅವರು ತಲೆ ತಗ್ಗಿಸಿ ಒಳಗೆ ಹೋದರು. ನರ್ಸಮ್ಮ ಬಾಗಿಲು ಹಾಕಿಕೊಂಡಳು.