ತಾತನ ಹೆಸರು

ಪಾವಗಡದ ಆಸ್ಪತ್ರೆಯಲ್ಲಿ, ಕಣ್ಣಿನ ಆಪರೇಷನ್ ಆದವರ ವಾರ್ಡಿನ ಮುಂದೆ ಕೂತಿದ್ದೆ. ಪಕ್ಕದಲ್ಲಿ ಒಬ್ಬರು ಅಜ್ಜಿ, ಅವರ ಮೊಮ್ಮಗಳು. ಹುಡುಗಿ "ಹೆಸಿಟೇಟ್, ಹೆಸಿಟೇಟೆಡ್" ಎಂದು ಬಾಯಿಪಾಠ ಮಾಡುತ್ತಿದ್ದಳು.

"ಅನುಷಾ, ಅಂಗಂದ್ರೇನೇ?"

"ಹಿಂದೆಮುಂದೆ ನೋಡೋದು ಕಣಜ್ಜಿ. ತಾತನ ಹೆಸ್ರು ಕೇಳಿದ್ರೆ ನನ್ ಮಕ ನೋಡ್ತೀಯಲ್ಲ, ಅಂಗೆ."

"ಗಂಡನ್ ಹೆಸ್ರು ಬಾಯಲ್ಲಿ ಹೇಳ್ತಾರೇನೇ? ನೀನಿದ್ದೀಯಲ್ಲ, ಹೇಳು."

"ನಾಳೆ ನಂಗೆ ಪರೀಕ್ಷೆ ಐತೆ. ನೀನೊಬ್ಳೇ ಬಂದಾಗ?"

ನರ್ಸ್ ಬಾಗಿಲಿಗೆ ಬಂದು, "ಯಾರ ಕಡೆಯವರಮ್ಮ ನೀವು?" ಎಂದರು. ಅನುಷಾ ಪುಸ್ತಕದಿಂದ ತಲೆ ಎತ್ತಲಿಲ್ಲ.

ಅಜ್ಜಿ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದರು: "ಬೈಲಪ್ಪ."

ಒಳಗಿನಿಂದ ಮುದುಕರೊಬ್ಬರ ದನಿ ಬಂತು: "ಯಾರಮ್ಮ ಅದು, ನನ್ ಕರೆದಿದ್ದು?"

"ನಾನೇ ಕಣಯ್ಯ," ಎನ್ನುತ್ತ ಅಜ್ಜಿ ಒಳಗೆ ಹೋದರು.